ನಿಧಾನವೂ ಬೇಕು, ಬಲವೂ ಬೇಕು: ಹನ್ನೆರಡು ವೋಲ್ಟಿನ ಮೋಟಾರಿಗೊಂದು ವೇಗ ನಿಯಂತ್ರಕ

ನಮ್ಮ ಸೀಮೆ ಸುಣ್ಣಕಲ್ಲಿನ ಸೀಮೆ. ಶಹಾಬಾದಿನ ಹಾಸುಗಲ್ಲಿನ ಹೆಸರು ನಾಡಿನಾಚೆಗೂ ಹಬ್ಬಿದೆ. 1968ರಲ್ಲಿ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಆರಂಭವಾದ ತರುವಾಯ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಲ್ಲಿಯೂ ಅಂತಹ ಕಾರ್ಖಾನೆಗಳು ತಲೆಯೆತ್ತಿದವು. ಅಲ್ಲಿನ ಕಿಲ್ನ್ ಎಂಬ ಬೃಹತ್ ಉಕ್ಕಿನ ಕೊಳವೆ ನೂರಾರು ಟನ್ ಭಾರ ಹೊತ್ತು ನಿಮಿಷಕ್ಕೆ ಕೆಲವೇ ಸುತ್ತು ತಿರುಗುತ್ತದೆ. ಹಲ್ಲುಚಕ್ರಗಳು ವೇಗವನ್ನು ತಗ್ಗಿಸುತ್ತವೆಯಾದರೂ, ಬೇಯುವ ಸರಕಿಗೆ ತಕ್ಕಂತೆ ಅದನ್ನು ಏರಿಳಿಸುವುದು ಮೋಟಾರಿನ ನಿಯಂತ್ರಕದ ಕೆಲಸ. ಈ ತತ್ತ್ವವನ್ನು ಶಾಲೆಯ ಮೇಜಿನ ಮೇಲೆಯೇ ಅರಿಯಬಹುದು.

ವೇಗ ತಗ್ಗಿಸಲು ವಿದ್ಯಾರ್ಥಿಗೆ ಮೊದಲು ತೋಚುವುದು, ಮೋಟಾರಿನೊಡನೆ ಸರಣಿಯಲ್ಲಿ ಒಂದು ರೋಧಕವನ್ನಿಡುವ ಉಪಾಯ. ಬರಿದೆ ತಿರುಗುವ ಮೋಟಾರು 6 ವೋಲ್ಟಿನಲ್ಲಿ 0.1 ಆಂಪಿಯರ್ ಎಳೆಯುವುದೆಂದು ಭಾವಿಸೋಣ. 12 ವೋಲ್ಟಿನ ಬ್ಯಾಟರಿಯಿಂದ ಅದನ್ನು ನಡೆಸಲು 60 ಓಮ್ ರೋಧಕ ಬೇಕು. ಆಗ ಅರ್ಧ ಶಕ್ತಿ ಬರಿಯ ಶಾಖವಾಗಿ ಹೋಗುತ್ತದೆ. ಅದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಭಾರ ಹೇರಿದಾಗ ಮೋಟಾರು ಹೆಚ್ಚು ವಿದ್ಯುತ್ತನ್ನು ಬೇಡುತ್ತದೆ. ಆದರೆ ಈ ರೋಧಕವಿರುವತನಕ 0.2 ಆಂಪಿಯರಿಗಿಂತ ಹೆಚ್ಚು ಹರಿಯಲಾರದು. ಬಲ ಬೇಕಾದ ಗಳಿಗೆಯಲ್ಲಿಯೇ ಮೋಟಾರು ನಿಂತುಬಿಡುತ್ತದೆ.

ಇನ್ನೊಂದು ಮಾರ್ಗವೆಂದರೆ ಪೂರ್ಣ 12 ವೋಲ್ಟನ್ನೇ ಕೊಟ್ಟು, ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಕಡಿದು ಕಡಿದು ಕೊಡುವುದು. ಕೊಡುವ ಕಾಲ ಹೆಚ್ಚಿದರೆ ವೇಗ ಹೆಚ್ಚುತ್ತದೆ, ತಗ್ಗಿದರೆ ತಗ್ಗುತ್ತದೆ. ಸ್ವಿಚ್ಚು ತೆರೆದಾಗ ವಿದ್ಯುತ್ ಹರಿಯದು. ಮುಚ್ಚಿದಾಗ ಅದರಲ್ಲಿ ತಡೆ ಅತ್ಯಲ್ಪ. ಆದ್ದರಿಂದ ಶಾಖದ ನಷ್ಟವೂ ಅಲ್ಪ.

ಈ ಕಾರ್ಯಕ್ಕೆ 1972ರಲ್ಲಿ ಮಾರುಕಟ್ಟೆಗೆ ಬಂದ 555 ಎಂಬ ಐಸಿ ಇಂದಿಗೂ ಸಾಕು. ಅದರ 4 ಮತ್ತು 8ನೆಯ ಕಾಲುಗಳನ್ನು ಧನಕ್ಕೂ, 1ನೆಯದನ್ನು ಋಣಕ್ಕೂ ಜೋಡಿಸಬೇಕು. 2 ಮತ್ತು 6ನ್ನು ಕೂಡಿಸಿ, 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರಿನ ಮೂಲಕ ಋಣಕ್ಕೆ ಸೇರಿಸಬೇಕು. ಧನದಿಂದ 1 ಕಿಲೋಓಮ್ ರೋಧಕವನ್ನು 7ನೆಯ ಕಾಲಿಗೆ ತಂದು, 100 ಕಿಲೋಓಮ್ ಪೊಟೆನ್ಷಿಯೊಮೀಟರಿನ ನಡುಗಾಲನ್ನೂ ಅಲ್ಲಿಯೇ ಸೇರಿಸಬೇಕು. ಅದರ ಎರಡು ತುದಿಗಳಿಂದ ಒಂದಕ್ಕೊಂದು ವಿರುದ್ಧ ದಿಕ್ಕಿನ ಎರಡು 1ಎನ್4148 ಡಯೋಡುಗಳು 2–6ರ ಕೂಡಿಗೆಗೆ ಹೋಗಬೇಕು. 5ನೆಯ ಕಾಲಿನಿಂದ ಋಣಕ್ಕೆ 0.01 ಮೈಕ್ರೋಫ್ಯಾರಡ್ ಇರಲಿ. 3ನೆಯ ಕಾಲಿನಿಂದ 100 ಓಮ್ ಮೂಲಕ ಐಆರ್‌ಎಫ್‌ಜೆಡ್44ಎನ್ ಮಾಸ್‌ಫೆಟ್ಟಿನ ಗೇಟಿಗೆ ಸಂಪರ್ಕ. ಗೇಟಿನಿಂದ ಋಣಕ್ಕೆ 10 ಕಿಲೋಓಮ್. ಸೋರ್ಸ್ ಋಣಕ್ಕೆ, ಮೋಟಾರು ಧನಕ್ಕೂ ಡ್ರೇನಿಗೂ ನಡುವೆ.

ಮೋಟಾರಿಗೆ ಅಡ್ಡಲಾಗಿ, ಪಟ್ಟೆಯಿರುವ ತುದಿ ಧನದ ಕಡೆಗಿರುವಂತೆ, ಒಂದು 1ಎನ್5822 ಡಯೋಡನ್ನು ಮರೆಯದೆ ಇಡಬೇಕು. ಸ್ವಿಚ್ಚು ತೆರೆದೊಡನೆ ಮೋಟಾರಿನ ಸುರುಳಿ ಹುಟ್ಟಿಸುವ ಎದುರು ವೋಲ್ಟೇಜು ಮಾಸ್‌ಫೆಟ್ಟನ್ನು ಸುಟ್ಟೀತು. ಬ್ಯಾಟರಿಯ ಧನತಂತಿಯಲ್ಲಿ 2 ಆಂಪಿಯರ್ ಫ್ಯೂಸು ಇರಲಿ. ಮನೆಯ ವಿದ್ಯುತ್ತಿಗೆ ಇದನ್ನು ಎಂದಿಗೂ ಜೋಡಿಸಕೂಡದು.

ಬಳಿಕ ಎರಡೂ ವಿಧಾನಗಳಲ್ಲಿ ಮೋಟಾರನ್ನು ಸಮವೇಗದಲ್ಲಿ ತಿರುಗಿಸಿ, ಅದರ ಗಾಲಿಗೆ ಬಟ್ಟೆಯ ಪಟ್ಟಿಯನ್ನು ಮೆಲ್ಲನೆ ಒತ್ತಿ ನೋಡಬೇಕು. ಯಾವುದು ಮೊದಲು ನಿಲ್ಲುವುದೆಂಬುದನ್ನು ವಿದ್ಯಾರ್ಥಿ ಓದಿ ಅಲ್ಲ, ಬೆರಳಿನಿಂದಲೇ ತಿಳಿಯುತ್ತಾನೆ.

ಶರಣರು ಕಾಯಕಕ್ಕೆ ಕೊಟ್ಟ ಹಿರಿಮೆ ಕೈಗೂ ಕೊಟ್ಟ ಹಿರಿಮೆಯೇ ಸರಿ. ದಾನಿಗಳು ಒದಗಿಸಿದ ಉಪಕರಣ ಕಪಾಟಿನ ಬೀಗದೊಳಗೆ ಹೊಸದಾಗಿಯೇ ಉಳಿದರೆ ಆ ದಾಸೋಹ ಅರ್ಧಕ್ಕೇ ನಿಂತಂತೆ. ಮಕ್ಕಳ ಕೈಯಲ್ಲಿ ಒಂದೆರಡು ಮಾಸ್‌ಫೆಟ್ ಸುಟ್ಟರೂ ಚಿಂತೆಯಿಲ್ಲ. ಅರಿವು ಅಲ್ಲಿಂದಲೇ ಬೆಳೆಯುತ್ತದೆ.