ಮನೆಯಲ್ಲಿ ಒಳ್ಳೆಯ ಕಾಫಿ ತಯಾರಿಸುವ ಕ್ರಮ

ತಿರುಮಕೂಡಲು ನರಸೀಪುರದಲ್ಲಿ ಸೇರುವ ಎರಡು ನದಿಗಳೂ ಕಾಫಿ ಬೆಳೆಯುವ ನಾಡಿನಿಂದಲೇ ಹರಿದು ಬರುತ್ತವೆ. ಕಾವೇರಿ ಹುಟ್ಟುವುದು ಕೊಡಗಿನಲ್ಲಿ, ಕಪಿಲೆ ಹುಟ್ಟುವುದು ಕೇರಳದ ವೈನಾಡಿನಲ್ಲಿ. ಆದರೆ ಈ ನೀರಿನಿಂದ ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳಲ್ಲಿ ಬೆಳೆಯುವುದು ಭತ್ತ, ಕಬ್ಬು ಮತ್ತು ಬಾಳೆ. ಇಲ್ಲಿನ ರೈತರು ಕಾಫಿಯನ್ನು ಕೊಂಡು ಕುಡಿಯುವವರು. ಗದ್ದೆಗೆ ಹೊರಡುವ ಮುನ್ನ, ನೆಂಟರು ಬಂದಾಗ, ನಾಟಿಯ ಆಳುಗಳಿಗೆ, ಹೀಗೆ ದಿನಕ್ಕೆ ಹಲವು ಸಲ ಕಾಫಿ ಆಗಲೇಬೇಕು. ಈಚಿನ ವರ್ಷಗಳಲ್ಲಿ ಕಾಫಿಯ ಬೆಲೆ ಬಹಳ ಏರಿರುವುದರಿಂದ ಇದು ಸಣ್ಣ ಖರ್ಚಲ್ಲ.

ಅನೇಕ ಮನೆಗಳಲ್ಲಿ ಪುಡಿಯನ್ನು ನೀರಿನಲ್ಲಿ ಹಾಕಿ ಕುದಿಸುತ್ತಾರೆ. ಬಣ್ಣ ಸಾಲದೆಂದು ಮತ್ತಷ್ಟು ಪುಡಿ ಹಾಕುತ್ತಾರೆ. ಕಹಿಯಾಯಿತೆಂದು ಸಕ್ಕರೆ ಹೆಚ್ಚಿಸುತ್ತಾರೆ. ಪುಡಿಯೂ ಸಕ್ಕರೆಯೂ ಖರ್ಚಾಗುತ್ತವೆಯೇ ಹೊರತು ರುಚಿ ಬರುವುದಿಲ್ಲ. ಒಳ್ಳೆಯ ಕಾಫಿಗೆ ಬೇಕಾದುದು ಹೆಚ್ಚು ಪುಡಿಯಲ್ಲ. ಸರಿಯಾದ ಪುಡಿ ಮತ್ತು ಸರಿಯಾದ ಹದ.

ಪುಡಿಯ ಆಯ್ಕೆ

ಅರೇಬಿಕಾ ಕಾಫಿ ಪರಿಮಳಕ್ಕೆ ಹೆಸರಾದುದು. ರೊಬಸ್ಟಾ ಕಡು ರುಚಿ ಕೊಡುತ್ತದೆ. ಇವೆರಡನ್ನೂ ಬೆರೆಸಿದ ಪುಡಿ ಹಾಲಿನ ಕಾಫಿಗೆ ಚೆನ್ನಾಗಿ ಹೊಂದುತ್ತದೆ. ಚಿಕೋರಿ ಎಂಬುದು ಕಾಫಿಯಲ್ಲ. ಅದು ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಇದು ಬಣ್ಣವನ್ನೂ ಮಂದವನ್ನೂ ಕೊಡುತ್ತದೆ, ಆದರೆ ಕಾಫಿಯ ಪರಿಮಳ ಕೊಡಲಾರದು. ಮಿಶ್ರಣದ ಪುಡಿಯಲ್ಲಿ ಶೇಕಡ 49ರವರೆಗೆ ಚಿಕೋರಿ ಇರಲು ಕಾನೂನಿನಲ್ಲಿ ಅವಕಾಶವಿದೆ. ಅಂಥ ಪುಡಿಯ ಅರ್ಧ ಕಿಲೋ ಪೊಟ್ಟಣದಲ್ಲಿ ನಿಜವಾದ ಕಾಫಿ 255 ಗ್ರಾಂ ಮಾತ್ರ. ಶೇಕಡ 20 ಚಿಕೋರಿ ಇರುವ ಪೊಟ್ಟಣದಲ್ಲಾದರೆ 400 ಗ್ರಾಂ ಕಾಫಿ ಸಿಗುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ಮುದ್ರಿಸಿರುವ ಪ್ರಮಾಣವನ್ನು ಓದಿಯೇ ಬೆಲೆ ಹೋಲಿಸಬೇಕು.

ಚಿಕೋರಿ ಇರುವುದನ್ನು ಮನೆಯಲ್ಲೇ ಸುಲಭವಾಗಿ ಪರೀಕ್ಷಿಸಬಹುದು. ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ, ಅಲುಗಿಸದೆ ನೋಡಿ. ಕಾಫಿ ಪುಡಿ ತೇಲುತ್ತದೆ. ಚಿಕೋರಿ ಕೆಲವೇ ಕ್ಷಣಗಳಲ್ಲಿ ಕಂದು ಬಣ್ಣದ ಎಳೆ ಬಿಡುತ್ತ ತಳಕ್ಕೆ ಇಳಿಯುತ್ತದೆ.

ಪುಡಿ ಮಾಡಿದ ಕಾಫಿ ದಿನೇ ದಿನೇ ಪರಿಮಳ ಕಳೆದುಕೊಳ್ಳುತ್ತದೆ. ಒಂದೆರಡು ವಾರಕ್ಕೆ ಸಾಕಾಗುವಷ್ಟನ್ನೇ ತಂದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಬೇಕು. ಒದ್ದೆ ಚಮಚ ಹಾಕಬಾರದು.

ನೀರು

ಸೋಪು ಸರಿಯಾಗಿ ನೊರೆ ಬಾರದ, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ನೀರು ಗಡಸು ನೀರು. ಇದರಲ್ಲಿ ಕಾಫಿ ಸಪ್ಪೆಯಾಗುತ್ತದೆ. ಕೊಳವೆ ಬಾವಿಯ ನೀರು ಹೀಗಿದ್ದರೆ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಬಳಸಿದಲ್ಲಿ ಗಡಸುತನ ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ.

ಡಿಕಾಕ್ಷನ್ ತೆಗೆಯುವ ವಿಧಾನ (ನಾಲ್ಕು ಜನರಿಗೆ)

1. ಒಣಗಿದ ಫಿಲ್ಟರಿನ ಮೇಲಿನ ಪಾತ್ರೆಗೆ 30 ಗ್ರಾಂ ಪುಡಿ ಹಾಕಿ, ತೂತಿನ ಬಿಲ್ಲೆಯಿಂದ ಹಗುರವಾಗಿ ಸಮ ಮಾಡಿ. ಬಲವಾಗಿ ಒತ್ತಿದರೆ ನೀರು ಇಳಿಯುವುದಿಲ್ಲ.

2. 200 ಮಿಲಿ ನೀರನ್ನು ಕುದಿಸಿ, ಕೆಳಗಿಳಿಸಿ, ಅರ್ಧ ನಿಮಿಷ ಬಿಡಿ. ಮೊದಲು ಪುಡಿ ನೆನೆಯುವಷ್ಟು ಮಾತ್ರ ಹಾಕಿ, ಸ್ವಲ್ಪ ತಡೆದು ಉಳಿದ ನೀರನ್ನು ನಿಧಾನವಾಗಿ ಸುರಿಯಿರಿ.

3. ಮುಚ್ಚಳ ಮುಚ್ಚಿ 15ರಿಂದ 20 ನಿಮಿಷ ಬಿಡಿ. ಸುಮಾರು 140 ಮಿಲಿ ಡಿಕಾಕ್ಷನ್ ಇಳಿಯುತ್ತದೆ. ನೀರು ಬೇಗನೆ ಇಳಿದುಹೋದರೆ ಪುಡಿ ತೀರ ತರಿಯೆಂದೂ, ಇಳಿಯದೆ ನಿಂತರೆ ತೀರ ನುಣ್ಣಗಿದೆಯೆಂದೂ ತಿಳಿಯಬೇಕು.

4. 400 ಮಿಲಿ ಹಾಲನ್ನು ಒಮ್ಮೆ ಉಕ್ಕು ಬರುವವರೆಗೆ ಕಾಯಿಸಿ, ಇಳಿಸಿದ ಮೇಲೆ ಡಿಕಾಕ್ಷನ್ ಬೆರೆಸಿ.

ಡಿಕಾಕ್ಷನ್ನನ್ನು ಎಂದಿಗೂ ಮತ್ತೆ ಕುದಿಸಬಾರದು. ಪರಿಮಳ ಕೊಡುವ ವಸ್ತುಗಳು ಬೇಗ ಆವಿಯಾಗುವಂಥವು. ಅಡಿಗೆಮನೆಯೆಲ್ಲ ಘಮಘಮಿಸಿದರೆ ಆ ಪರಿಮಳ ಲೋಟದಲ್ಲಿ ಉಳಿದಿಲ್ಲವೆಂದೇ ಅರ್ಥ. ಪುಡಿಯನ್ನೇ ಹೆಚ್ಚು ಹೊತ್ತು ಕುದಿಸಿದರೆ ಕಹಿ ಮತ್ತು ಒಗರು ಹೆಚ್ಚಾಗಿ ಇಳಿಯುತ್ತವೆ.

ಆಳುಗಳಿಗೆ ಕಾಫಿ

ನಾಟಿ, ಕೊಯ್ಲಿನ ದಿನಗಳಲ್ಲಿ 20 ಜನರಿಗೆ ಫಿಲ್ಟರ್ ಸಾಲದು. ಒಂದೂಕಾಲು ಲೀಟರ್ ನೀರನ್ನು ಕುದಿಸಿ ಒಲೆಯಿಂದ ಇಳಿಸಿ. ಅನಂತರ 150 ಗ್ರಾಂ ಪುಡಿ ಹಾಕಿ, ಒಮ್ಮೆ ಕಲಕಿ, ಐದು ನಿಮಿಷ ಮುಚ್ಚಿಟ್ಟು, ಶುಭ್ರವಾದ ಬಟ್ಟೆಯಲ್ಲಿ ಸೋಸಿ. ಇದಕ್ಕೆ ಒಂದೂವರೆ ಲೀಟರ್ ಕಾಯಿಸಿದ ಹಾಲು ಬೆರೆಸಿದರೆ ಸಾಕು. ಆ ಬಟ್ಟೆಯನ್ನು ಸೋಪು ಹಾಕದೆ ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಕಾಫಿಗೆಂದೇ ಇಡಬೇಕು. ಸೋಸಿ ಉಳಿದ ಪುಡಿಯನ್ನು ಗೊಬ್ಬರದ ಗುಂಡಿಗೆ ಹಾಕಬಹುದು.

ಬೆಲ್ಲದ ಕಾಫಿ

ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಿದರೆ ಹಾಲು ಒಡೆಯುವ ಸಂಭವ ಹೆಚ್ಚು. ಬೆಲ್ಲದಲ್ಲಿರುವ ಹುಳಿಯ ಅಂಶವೇ ಇದಕ್ಕೆ ಕಾರಣ. ಬೆಲ್ಲವನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಡಿಕಾಕ್ಷನ್ನಿಗೆ ಸೇರಿಸಿ, ಕಡೆಯಲ್ಲಿ ಒಲೆಯಿಂದ ಇಳಿಸಿದ ಹಾಲನ್ನು ಬೆರೆಸಬೇಕು. ಹೈಡ್ರೋಸ್ ಹಾಕಿ ಬಿಳುಪು ಮಾಡಿದ ಬೆಲ್ಲಕ್ಕಿಂತ ಸಹಜ ಕಂದು ಬಣ್ಣದ ಬೆಲ್ಲವೇ ಲೇಸು.

ಮಾಡಿ ನೋಡಿ

ಹೊಸ ತಳಿಯನ್ನು ಮೊದಲು ಒಂದು ಗುಂಟೆಯಲ್ಲಿ ಬೆಳೆದು ನೋಡುವುದು ರೈತರಿಗೆ ಹೊಸದಲ್ಲ. ಕಾಫಿಯಲ್ಲಿಯೂ ಹಾಗೆಯೇ ಮಾಡಬಹುದು. ಒಂದೇ ಪುಡಿ, ಒಂದೇ ಹಾಲು ತೆಗೆದುಕೊಂಡು ಒಂದು ಲೋಟಕ್ಕೆ ಪುಡಿಯನ್ನು ಕುದಿಸಿ, ಇನ್ನೊಂದಕ್ಕೆ ಮೇಲಿನ ಕ್ರಮದಲ್ಲಿ ಡಿಕಾಕ್ಷನ್ ತೆಗೆಯಿರಿ. ಯಾವುದು ಹೇಗೆ ಮಾಡಿದ್ದೆಂದು ಹೇಳದೆ ಎರಡನ್ನೂ ಮನೆಯ ಹಿರಿಯರಿಗೆ ಕೊಡಿ. ಅವರು ಯಾವ ಲೋಟವನ್ನು ಬರಿದು ಮಾಡುತ್ತಾರೋ ಆ ವಿಧಾನವನ್ನು ಮನೆಯಲ್ಲಿ ರೂಢಿಗೆ ತನ್ನಿ.