ಡಬ್ಬಗಳ್ಳಿ: ಕುಂಡದಲ್ಲಿ ಚೆಂದ, ಹೊಲದಲ್ಲಿ ಕಂಟಕ



ಸಭೆಗೆ ಬಂದಾಗ ನಿಮ್ಮ ಅಂಗಳದ ಕುಂಡಗಳನ್ನು ನೋಡಿ ನಾವು ಸಂತೋಷಪಡುತ್ತೇವೆ. ಒಬ್ಬರ ಮನೆಯ ಡಬ್ಬಗಳ್ಳಿ, ಅಂದರೆ ಪಾಪಾಸುಕಳ್ಳಿ, ಹಳದಿ ಹೂ ಬಿಟ್ಟರೆ "ನನಗೂ ಒಂದು ತುಂಡು ಕೊಡ್ರಿ ಅಕ್ಕಾ" ಎಂದು ನಾಲ್ಕು ಮಂದಿ ಕೇಳುತ್ತಾರೆ. ಹೆಚ್ಚು ನೀರು ಬೇಡ, ಗೊಬ್ಬರ ಬೇಡ. ಆದರೆ ಕುಂಡ ತುಂಬಿದ ಮೇಲೆ ಕತ್ತರಿಸಿದ ತುಂಡುಗಳನ್ನು ಎಲ್ಲಿ ಒಗೀತೀರಿ? ತಿಪ್ಪೆಗೋ, ಹಳ್ಳದ ದಂಡೆಗೋ? ಈ ಪಾಠ ಅದರ ಬಗ್ಗೆ.

ಈ ಗಿಡದ ತವರು ಅಮೆರಿಕ ಖಂಡ. ಕಳ್ಳಿಯ ಮೇಲೆ ಬದುಕುವ ಒಂದು ಹುಳದಿಂದ ಕೆಂಪು ಬಣ್ಣ ತೆಗೆಯುತ್ತಾರೆ. ಆ ವ್ಯಾಪಾರದ ಆಸೆಗೆ 18ನೇ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯವರು ಮದ್ರಾಸಿನಲ್ಲಿ ಕಳ್ಳಿ ಬೆಳೆಸಿದರು. 1795ರಲ್ಲಿ ತಂದ ಹುಳ ಬೇರೆ ಜಾತಿಯದಾಗಿತ್ತು. ವ್ಯಾಪಾರ ಕೈಗೂಡಲಿಲ್ಲ, ಕಳ್ಳಿ ಮಾತ್ರ ಉಳಿಯಿತು. ದಕ್ಷಿಣ ಭಾರತದಲ್ಲಿ ಬೇಲಿಯಿಂದ ಹೊಲಕ್ಕೆ, ಗೋಮಾಳಕ್ಕೆ ಹಬ್ಬಿತು. 1926ರಲ್ಲಿ ಶ್ರೀಲಂಕಾದಿಂದ ಕಳ್ಳಿಯ ರಸ ಹೀರುವ ಇನ್ನೊಂದು ಹುಳ ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ಬಹಳಷ್ಟು ಕಳ್ಳಿ ಒಣಗಿತು. ಆದರೂ ಪೂರ್ತಿ ಹೋಗಲಿಲ್ಲ.

ಯಾಕೆ? ನೆಲಕ್ಕೆ ಬಿದ್ದ ಪ್ರತಿ ತುಂಡೂ ಬೇರು ಬಿಡುತ್ತದೆ. ಹಣ್ಣು ತಿಂದ ಹಕ್ಕಿ ಬೀಜ ಹರಡುತ್ತದೆ. ಬೆಣ್ಣಿಹಳ್ಳ ಉಕ್ಕಿದರೆ ಕುಂದಗೋಳದ ಕಡೆ ಒಗೆದ ತುಂಡು ನವಲಗುಂದದ ಹೊಲ ಸೇರಬಹುದು. ಗೋಮಾಳ ಕಳ್ಳಿ ಪಾಲಾದರೆ ಮೊದಲು ನಷ್ಟ ಯಾರಿಗೆ? ಭೂಮಿ ಇಲ್ಲದೆ, ಸಂಘದ ಸಾಲದಿಂದ ಎರಡು ಆಡು ಕಟ್ಟಿಕೊಂಡ ಅಕ್ಕನಿಗೆ.

ನಾವು ಮಾಡಬೇಕಾದದ್ದು:

1. ಚೆಂದಕ್ಕೆ ಬೇಕಾದರೆ ಕುಂಡದಲ್ಲೇ ಇಡಿ. ಬದುವಿಗೆ, ಬೇಲಿಗೆ ಹಚ್ಚಬೇಡಿ. ಕಾಯಿ ಹಣ್ಣಾಗುವ ಮೊದಲೇ ತೆಗೆಯಿರಿ.

2. ಕತ್ತರಿಸಿದ ತುಂಡನ್ನು ಮೂರು ಅಡಿ ಆಳದ ಗುಂಡಿಯಲ್ಲಿ ಹೂಳಿ. ಇಲ್ಲವೇ ಬಂಡೆಯ ಮೇಲೆ ಪೂರ್ತಿ ಒಣಗಿಸಿ ಸುಡಿ. ವಾರ ಒಣಗಿದರೆ ಸತ್ತಿತು ಎಂದು ತಿಳಿಯಬೇಡಿ.

3. ಬರಿಗೈಲಿ ಮುಟ್ಟಬೇಡಿ, ಇಕ್ಕಳ ಬಳಸಿ. ಕೂದಲಿನಂಥ ಸಣ್ಣ ಮುಳ್ಳು ಚುಚ್ಚಿದರೆ ತಿಕ್ಕಬೇಡಿ, ಚಿಮಟದಿಂದ ತೆಗೆಯಿರಿ. ಕಣ್ಣಿಗೆ ಬಿದ್ದರೆ ತಡ ಮಾಡದೆ ಡಾಕ್ಟರರ ಹತ್ತಿರ ಹೋಗಿ.

4. ಬಯಲಿನ ಕಳ್ಳಿಯ ಮೇಲೆ ಹತ್ತಿಯಂಥ ಬಿಳಿ ಹುಳ ಕಂಡರೆ ಔಷಧ ಹೊಡೆಯಬೇಡಿ. ಅದು ನಮ್ಮ ಕೆಲಸವನ್ನೇ ಮಾಡುತ್ತಿರುತ್ತದೆ.

ಮುಳ್ಳಿಲ್ಲದ ಜಾತಿಯನ್ನು ಬರಗಾಲದಲ್ಲಿ ದನಗಳ ಮೇವಿಗೆ ಬೆಳೆಸುವುದುಂಟು. ಆಸಕ್ತಿ ಇದ್ದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಸಭೆಯಲ್ಲಿ ಚರ್ಚಿಸಿರಿ:

ನಮ್ಮೂರಲ್ಲಿ ಕಳ್ಳಿ ಎಲ್ಲೆಲ್ಲಿ ಹಬ್ಬಿದೆ? ಮಳೆಗಾಲಕ್ಕೆ ಮುಂಚೆ ಯಾವ ಜಾಗ ಸ್ವಚ್ಛ ಮಾಡೋಣ? ಗ್ರಾಮಸಭೆಯಲ್ಲಿ ಈ ಮಾತು ಎತ್ತುವವರು ಯಾರು? ನಿರ್ಣಯವನ್ನು ಸಂಘದ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿರಿ.