ಕಿರದಳ್ಳಿ ತಾಂಡಾದ ಆರ್ಸೆನಿಕ್

ಪರೀಕ್ಷೆಯಲ್ಲಿ ‘ಮಂಗಳೂರು ಗ್ರೀನ್‌ಸ್ಟೋನ್ ಪಟ್ಟಿ’ ಎಂದು ಕಂಡರೆ ಅವಸರದಲ್ಲಿ ಕರಾವಳಿಗೆ ಗುರುತು ಹಾಕಬೇಡಿ. ಇದು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಮಂಗಳೂರು. ಹಳೆಯ ಚಿನ್ನದ ಗಣಿಯ ನೆಲ.

ಚಿನ್ನದ ಅದಿರಿನ ಜತೆ ಸಾಮಾನ್ಯವಾಗಿ ಆರ್ಸೆನೊಪೈರೈಟ್ ಎಂಬ ಖನಿಜವಿರುತ್ತದೆ (ಕಬ್ಬಿಣ, ಆರ್ಸೆನಿಕ್, ಗಂಧಕ). ಅದು ಗಾಳಿ, ನೀರಿಗೆ ತೆರೆದುಕೊಂಡಾಗ ಆರ್ಸೆನಿಕ್ ಬಿಡುಗಡೆಯಾಗಿ ಅಂತರ್ಜಲ ಸೇರುತ್ತದೆ. ಆರ್ಸೆನಿಕ್ ಪರಮಾಣು ಸಂಖ್ಯೆ 33. ಅದು ಲೋಹಾಭ, ಆದರೂ ಮಾಲಿನ್ಯದ ಲೆಕ್ಕದಲ್ಲಿ ಭಾರಲೋಹಗಳ ಸಾಲಿನಲ್ಲೇ ಇಡುವುದು ರೂಢಿ.

ಕಿರದಳ್ಳಿ ತಾಂಡಾ ಇರುವ ಈ ಪ್ರದೇಶದ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದ ಅಂಕಿಗಳು ನೆನಪಿರಲಿ. 59 ಕೊಳವೆಬಾವಿ ಮಾದರಿಗಳಲ್ಲಿ ಶೇ 79ರಷ್ಟು, ಲೀಟರಿಗೆ 10 ಮೈಕ್ರೊಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಮೀರಿದ್ದವು. ಗರಿಷ್ಠ 303! ತಪಾಸಣೆಗೊಳಗಾದ 181 ಮಂದಿಯಲ್ಲಿ ಶೇ 58.6ರಷ್ಟು ಜನರ ಚರ್ಮದಲ್ಲಿ ಆರ್ಸೆನಿಕ್ ಗುರುತುಗಳಿದ್ದವು. ಹೊಲ, ಮನೆಯಂಗಳದ ಮಣ್ಣೂ ಕಲುಷಿತವಾಗಿತ್ತು. ಗಣಿತ್ಯಾಜ್ಯದ ಮಣ್ಣನ್ನು ನೆಲಕ್ಕೆ ಹರಡಿದ್ದೇ ಕಾರಣವಿರಬಹುದೆಂದು ಸಂಶೋಧಕರ ಊಹೆ.

ಲಕ್ಷಣ: ಅಂಗೈ, ಅಂಗಾಲು ಗಡಸಾಗುವುದು, ಮೈಮೇಲೆ ಮಚ್ಚೆ, ವರ್ಷಗಳು ಕಳೆದರೆ ಚರ್ಮದ ಕ್ಯಾನ್ಸರ್. ನೀರಿನಲ್ಲಿ ಕರಗಿದ ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ. ನೀರು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತದೆ. ಬಹು ಆಯ್ಕೆ ಪ್ರಶ್ನೆಗಳಲ್ಲಿ ಹಲವರು ಎಡವುವುದು ಇಲ್ಲೇ.